ಕ್ಯಾಮೆರಾ ಲೆನ್ಸ್‌ನೊಳಗೆ ಧೂಳು: ಶುಚಿಗೊಳಿಸಬೇಕೆ, ಬದಲಾಯಿಸಬೇಕೆ?

ಕ್ಯಾಮೆರಾದ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದಾಗ ಒಳಗಿನ ಗಾಜಿನ ಮೇಲೆ ಧೂಳಿನ ಕಣ, ಎಳೆಯಂತಹ ನಾರು ಅಥವಾ ಕಪ್ಪು ಬಣ್ಣದ ಚೂರು ಕಾಣಿಸುವುದು ಅಪರೂಪವೇನಲ್ಲ. ಹೊರಮೈಯ ಧೂಳನ್ನು ಒರೆಸಬಹುದು, ಒಳಗಿನದು ಕೈಗೆಟುಕದು. ಸಾವಿರಾರು ರೂಪಾಯಿ ತೆತ್ತು ಕೊಂಡ ಲೆನ್ಸ್ ಕೆಟ್ಟೇಹೋಯಿತೆಂಬ ಆತಂಕದಲ್ಲಿ ಕೆಲವರು ಅದನ್ನು ಸಿಕ್ಕಿದ ಬೆಲೆಗೆ ಮಾರುತ್ತಾರೆ. ಮತ್ತೆ ಕೆಲವರು ಸ್ಕ್ರೂಡ್ರೈವರ್ ಹಿಡಿದು ತಾವೇ ಬಿಚ್ಚಲು ಕೂರುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇವೆರಡೂ ಅನವಶ್ಯಕ. ಲೆನ್ಸ್‌ನೊಳಗೆ ಕಾಣುವುದೆಲ್ಲ ಧೂಳಲ್ಲ. ಧೂಳೆಲ್ಲವೂ ಚಿತ್ರಕ್ಕೆ ಹಾನಿಕರವೂ ಅಲ್ಲ. ಹಣ ಖರ್ಚು ಮಾಡುವ ಮೊದಲು ಒಳಗಿರುವುದು ಏನು, ಅದರಿಂದ ಚಿತ್ರಕ್ಕೆ ಏನಾಗಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಧೂಳು ಒಳಹೋಗುವ ಬಗೆ

ಲೆನ್ಸ್ ಎಂದು ಕರೆಯುವುದು ಒಂದೇ ಗಾಜಿನ ತುಂಡಲ್ಲ. ಕೊಳವೆಯೊಳಗೆ ಕರಾರುವಾಕ್ಕಾಗಿ ಜೋಡಿಸಿದ ಹಲವು ಮಸೂರಗಳ ಸಮೂಹ. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಕಮ್ಮಾರನ ತಿದಿಯಂತೆ ವರ್ತಿಸುತ್ತದೆ. ಹೊರಚಾಚಿದಾಗ ಗಾಳಿಯನ್ನು ಒಳಗೆಳೆದುಕೊಂಡು, ಮಡಚಿದಾಗ ಹೊರದೂಡುತ್ತದೆ. ಆ ಗಾಳಿಯೊಂದಿಗೆ ಧೂಳೂ ಬರುತ್ತದೆ. ಕ್ಯಾನನ್ ಕಂಪನಿ 1998ರಲ್ಲಿ ಹೊರತಂದ, ಹಿಂದೆ ಮುಂದೆ ಎಳೆದು ಜೂಮ್ ಮಾಡುವ 100-400 ಮಿ.ಮೀ. ಲೆನ್ಸ್‌ಗೆ ಛಾಯಾಗ್ರಾಹಕರ ವಲಯದಲ್ಲಿ ‘ಧೂಳು ಪಂಪು’ ಎಂಬ ಅಡ್ಡಹೆಸರೇ ಇತ್ತು. 2014ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ ಜೂಮ್ ಮಾಡಲು ತಿರುಗಿಸುವ ಬಳೆಯನ್ನು ಅಳವಡಿಸಲಾಯಿತು.

ಮಳೆ, ಧೂಳು ತಡೆಯುವ ರಬ್ಬರ್ ಪಟ್ಟಿಯುಳ್ಳ ದುಬಾರಿ ಲೆನ್ಸ್‌ಗಳೂ ಇದಕ್ಕೆ ಪೂರ್ತಿ ಹೊರತಲ್ಲ. ಅವುಗಳಲ್ಲಿ ಧೂಳು ನಿಧಾನವಾಗಿ ಸೇರುತ್ತದೆ, ಅಷ್ಟೇ. ಕೊಳವೆಯ ಒಳಮೈಗೆ ಬಳಿದ ಕಪ್ಪು ಬಣ್ಣ ಹಳತಾಗಿ ಉದುರುವುದೂ ಉಂಟು. ಬಳಕೆಯಾದ ಪ್ರತಿ ಲೆನ್ಸ್‌ನಲ್ಲೂ ಧೂಳು ಇದ್ದೇ ಇರುತ್ತದೆ ಎಂಬುದನ್ನು ಅಮೆರಿಕದ ಲೆನ್ಸ್ ಬಾಡಿಗೆ ಸಂಸ್ಥೆ ಲೆನ್ಸ್‌ರೆಂಟಲ್ಸ್‌ನ ಸ್ಥಾಪಕ ರೋಜರ್ ಸಿಕಾಲಾ ತಮ್ಮ ಬರಹಗಳಲ್ಲಿ ವಿವರಿಸಿದ್ದಾರೆ.

ಚಿತ್ರದಲ್ಲಿ ಏಕೆ ಕಾಣುವುದಿಲ್ಲ?

ಲೆನ್ಸ್ ತನ್ನಿಂದ ದೂರವಿರುವ ವಸ್ತುವನ್ನು ಸೆನ್ಸರ್ ಮೇಲೆ ಸ್ಪಷ್ಟವಾಗಿ ಮೂಡಿಸುತ್ತದೆ. ತನ್ನದೇ ಗಾಜಿನ ಮೇಲೆ ಕುಳಿತ ಕಣ ಆ ಸ್ಪಷ್ಟತೆಯ ವ್ಯಾಪ್ತಿಗೆ ಬರುವುದೇ ಇಲ್ಲ. ಅದು ಆಕಾರವಾಗಿ ಮೂಡದೆ, ಬರುವ ಬೆಳಕಿನಲ್ಲಿ ಒಂದು ಪಾಲನ್ನು ತಡೆಯುತ್ತದೆ. ಆ ಪಾಲು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದಾಗ ಬೆಳಕು ಹಾಯುವ ಕಿಂಡಿಯ ವ್ಯಾಸ ಸುಮಾರು 28 ಮಿ.ಮೀ. ಅಲ್ಲಿ ಅರ್ಧ ಮಿ.ಮೀ. ಗಾತ್ರದ, ಕಣ್ಣಿಗೆ ದೊಡ್ಡದೆನಿಸುವ ಕಣವೊಂದು ತಡೆಯುವುದು ಬೆಳಕಿನ 3,000ದಲ್ಲಿ ಒಂದು ಪಾಲನ್ನು ಮಾತ್ರ. ಇದು ಯಾರ ಕಣ್ಣಿಗೂ ಗೋಚರಿಸದು.

ಅದೇ ಲೆನ್ಸನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಕಿಂಡಿಯ ವ್ಯಾಸ ಸುಮಾರು 3 ಮಿ.ಮೀ.ಗೆ ಇಳಿಯುತ್ತದೆ. ಆಗ ಅದೇ ಕಣ ಸುಮಾರು 40ರಲ್ಲಿ ಒಂದು ಪಾಲನ್ನು ತಡೆಯಬಲ್ಲದು. ಆದ್ದರಿಂದ ಕಿರಿದಾದ ಕಿಂಡಿಯಲ್ಲಿ ಭೂದೃಶ್ಯ ತೆಗೆಯುವವರು, ಅತಿ ಅಗಲ ನೋಟದ ಲೆನ್ಸ್ ಬಳಸುವವರು ಸ್ವಲ್ಪ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಮುಂಭಾಗದ ಗಾಜಿನ ಧೂಳಿಗಿಂತ ಸೆನ್ಸರ್‌ಗೆ ಸಮೀಪವಿರುವ ಹಿಂಭಾಗದ ಗಾಜಿನ ಧೂಳು ಹೆಚ್ಚು ತೊಂದರೆ ಕೊಡುತ್ತದೆ. ಧೂಳು ವಿಪರೀತವಾಗಿದ್ದರೆ ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರ ಮಂಕಾಗಬಹುದು. ಮಸುಕಾಗಿ ಮೂಡುವ ರಾತ್ರಿ ದೀಪಗಳ ವೃತ್ತದೊಳಗೆ ಚುಕ್ಕೆಗಳು ಕಾಣಬಹುದು.

ಕಲೆ ಇರುವುದು ಎಲ್ಲಿ?

ಚಿತ್ರದಲ್ಲಿ ಕಪ್ಪು ಚುಕ್ಕೆ ಕಂಡೊಡನೆ ಲೆನ್ಸನ್ನು ದೂರುವುದು ರೂಢಿ. ನಿಜಕ್ಕೂ ಅಂತಹ ಚುಕ್ಕೆಗಳಲ್ಲಿ ಬಹುಪಾಲು ಸೆನ್ಸರ್ ಮೇಲಿನ ಧೂಳಿನದ್ದು. ಪರೀಕ್ಷೆ ಸುಲಭ. ಎಫ್/16ರಲ್ಲಿ ಬಿಳಿ ಗೋಡೆ ಅಥವಾ ನಿರ್ಮಲ ಆಕಾಶದ ಚಿತ್ರ ತೆಗೆಯಬೇಕು. ಬಳಿಕ ಬೇರೊಂದು ಲೆನ್ಸ್ ಹಾಕಿ ಮತ್ತೆ ತೆಗೆಯಬೇಕು. ಚುಕ್ಕೆ ಅದೇ ಜಾಗದಲ್ಲಿ ಉಳಿದರೆ ದೋಷ ಸೆನ್ಸರ್‌ನದು, ಲೆನ್ಸ್‌ನದಲ್ಲ. ಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ಮಾತ್ರ ಕಂಡು ಚಿತ್ರದಲ್ಲಿ ಕಾಣದ ಕಣ ಕನ್ನಡಿಯ ಮೇಲೋ, ಅದರ ಮೇಲಿನ ಪರದೆಯ ಮೇಲೋ ಇರುತ್ತದೆ; ಅದರಿಂದ ಚಿತ್ರಕ್ಕೆ ಬಾಧೆಯಿಲ್ಲ. ಲೆನ್ಸ್ ಕಳಚಲಾಗದ ಪುಟ್ಟ ಕ್ಯಾಮೆರಾಗಳಲ್ಲಿ ಧೂಳು ಸೆನ್ಸರ್ ತಲುಪಿದರೆ ಅದನ್ನು ಬಿಚ್ಚದೆ ಗತ್ಯಂತರವಿಲ್ಲ.

ಧೂಳಿಗಿಂತ ದೊಡ್ಡ ಶತ್ರುಗಳು

ನಿಜವಾಗಿ ಹೆದರಬೇಕಾದುದು ಶಿಲೀಂಧ್ರ, ಅಂದರೆ ಬೂಷ್ಟಿಗೆ. ಜೇಡರ ಬಲೆಯಂತೆ ಅಥವಾ ಬೇರಿನಂತೆ ಕವಲೊಡೆದ ಎಳೆಗಳು ಇದರ ಗುರುತು. ಇದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ತೇವ ಸಿಕ್ಕಾಗ ಮೊಳೆಯುತ್ತವೆ. ವಾತಾವರಣದ ತೇವಾಂಶ ಶೇ. 70ನ್ನು ಮೀರಿ ದಿನಗಟ್ಟಲೆ ಉಳಿಯುವ ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿಮಾಡಿಸಿದ ಕಾಲ. ಧೂಳು ಇದ್ದಲ್ಲೇ ಇರುತ್ತದೆ; ಶಿಲೀಂಧ್ರ ಬೆಳೆಯುತ್ತದೆ. ಅದು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿಂದುಹಾಕಿದ ಮೇಲೆ ಶುಚಿಗೊಳಿಸಿದರೂ ಕಲೆ ಉಳಿಯುತ್ತದೆ. ಆದ್ದರಿಂದ ಧೂಳಿನ ವಿಷಯದಲ್ಲಿ ಕಾಯಬಹುದು, ಶಿಲೀಂಧ್ರದ ವಿಷಯದಲ್ಲಿ ಕಾಯಲಾಗದು.

ಎರಡನೆಯದು, ಒಳಗಿನ ಜಿಡ್ಡು ಆವಿಯಾಗಿ ಗಾಜಿನ ಮೇಲೆ ಕೂರುವ ಮಂಜಿನಂತಹ ಪೊರೆ. ಇದು ಚಿತ್ರವನ್ನು ಮಂಕಾಗಿಸುತ್ತದೆಯಾದರೂ ಸಾಮಾನ್ಯವಾಗಿ ಒರೆಸಿದರೆ ಹೋಗುತ್ತದೆ. ಮೂರನೆಯದು, ಅಂಟಿಸಿದ ಎರಡು ಮಸೂರಗಳ ನಡುವಿನ ಅಂಟು ಬಿಡುವುದು; ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುವುದು ಇದರ ಲಕ್ಷಣ. ಇದರ ದುರಸ್ತಿ ಕಷ್ಟ. ನಾಲ್ಕನೆಯದು, ಒಳಗೆ ಸಡಿಲವಾಗಿ ಓಡಾಡುವ ಸ್ಕ್ರೂ ಅಥವಾ ಲೋಹದ ಚೂರು. ಅದು ಚಲಿಸುವ ಭಾಗಗಳಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಕೂಡಲೇ ತೆಗೆಸಬೇಕು. ಆದರೆ ಕಂಪನ ನಿವಾರಕವುಳ್ಳ ಲೆನ್ಸ್ ವಿದ್ಯುತ್ ಇಲ್ಲದಾಗ ಅಲುಗಿಸಿದರೆ ಲೊಟಲೊಟ ಸದ್ದು ಮಾಡುವುದು ಸಹಜ; ಅದು ದೋಷವಲ್ಲ. ಹಳೆಯ ಲೆನ್ಸ್‌ಗಳ ಗಾಜಿನಲ್ಲೇ ಇರುವ ಸಣ್ಣ ಗುಳ್ಳೆಗಳೂ ನಿರಪಾಯಕಾರಿ.

ಮನೆಯಲ್ಲಿ ಮಾಡಬಾರದ್ದು

ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್‌ನಿಂದ ಹೊರಮೈ ಧೂಳನ್ನು ಊದುವುದಷ್ಟೇ ಸುರಕ್ಷಿತ. ಡಬ್ಬಿಯ ಒತ್ತಡದ ಗಾಳಿಯನ್ನು ಸಿಂಪಡಿಸಿದರೆ ಅದರೊಳಗಿನ ದ್ರವ ಗಾಜಿನ ಮೇಲೆ ಬೀಳುವ ಭಯವಿದೆ. ವ್ಯಾಕ್ಯೂಮ್ ಕ್ಲೀನರ್‌ನಿಂದ ಹೀರಲು ಹೋಗುವುದೂ ಅಪಾಯ. ಬಿಚ್ಚುವುದಂತೂ ಅನುಭವಿಗಳ ಕೆಲಸ. ಜಪಾನಿನ ಲೆನ್ಸ್‌ಗಳ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್ ಸ್ಕ್ರೂಗಳಂತೆ ಕಂಡರೂ ಬಹುಪಾಲು ಜಪಾನೀ ಮಾನಕದವು. ಹೊಂದದ ಡ್ರೈವರ್ ಬಳಸಿದರೆ ತಲೆ ಸವೆದುಹೋಗುತ್ತದೆ. ಒಳಗಿನ ಮಸೂರ ಕೂದಲೆಳೆಯಷ್ಟು ಓರೆಯಾಗಿ ಕುಳಿತರೂ ಚಿತ್ರದ ಒಂದು ಪಕ್ಕ ಮಸುಕಾಗುತ್ತದೆ. ಕಾಣದಿದ್ದ ಧೂಳನ್ನು ತೆಗೆಯಹೋಗಿ ಎದ್ದು ಕಾಣುವ ದೋಷವನ್ನು ತಂದುಕೊಂಡಂತಾಗುತ್ತದೆ.

ಬದಲಾಯಿಸುವುದು ಯಾವಾಗ?

ನಿರ್ಧಾರಕ್ಕೆ ಆಧಾರವಾಗಬೇಕಾದುದು ಟಾರ್ಚಿನ ಬೆಳಕಲ್ಲ, ತೆಗೆದ ಚಿತ್ರ. ಎಫ್/16ರ ಗೋಡೆಯ ಚಿತ್ರ, ಸೂರ್ಯನಿಗೆ ಎದುರಾದ ಚಿತ್ರ, ರಾತ್ರಿ ದೀಪಗಳ ಚಿತ್ರ - ಈ ಮೂರರಲ್ಲೂ ದೋಷ ಕಾಣದಿದ್ದರೆ ಲೆನ್ಸನ್ನು ಹಾಗೆಯೇ ಬಳಸುತ್ತಿರಬಹುದು. ದೋಷ ಕಂಡರೆ ಸರ್ವಿಸ್ ಕೇಂದ್ರದಿಂದ ದುರಸ್ತಿಯ ಅಂದಾಜು ವೆಚ್ಚ ಪಡೆದು, ಅದೇ ಲೆನ್ಸ್‌ನ ಸೆಕೆಂಡ್ ಹ್ಯಾಂಡ್ ಬೆಲೆಯೊಂದಿಗೆ ಹೋಲಿಸಬೇಕು. ವೆಚ್ಚ ಆ ಬೆಲೆಯ ಅರ್ಧವನ್ನು ದಾಟಿದರೆ ಬದಲಾವಣೆಯೇ ಲೇಸು ಎಂಬುದು ಸ್ಥೂಲ ಲೆಕ್ಕ. ಕ್ಯಾಮೆರಾದೊಂದಿಗೆ ಬರುವ 18-55 ಮಿ.ಮೀ.ನಂತಹ ಅಗ್ಗದ ಲೆನ್ಸ್‌ಗಳ ವಿಷಯದಲ್ಲಿ ದುರಸ್ತಿ ಹಲವು ವೇಳೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ದುಬಾರಿ ಲೆನ್ಸ್‌ಗಳಲ್ಲಿ, ಮುಖ್ಯವಾಗಿ ಶಿಲೀಂಧ್ರ ಇನ್ನೂ ಎಳೆಯದಾಗಿರುವಾಗ, ಶುಚಿಗೊಳಿಸುವುದೇ ಜಾಣತನ. ಲೇಪನ ಹಾಳಾಗಿದ್ದರೆ, ಅಂಟು ಬಿಟ್ಟಿದ್ದರೆ ಅಥವಾ ಬಿಡಿಭಾಗ ಸಿಗದಿದ್ದರೆ ಬದಲಾಯಿಸುವುದು ಅನಿವಾರ್ಯ.

ಬಳಕೆಯಿಂದ ಸೇರಿದ ಧೂಳು, ಶಿಲೀಂಧ್ರ ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ. ಆದರೆ ಹೊಸದಾಗಿ ಕೊಂಡ ಲೆನ್ಸ್‌ನೊಳಗೇ ದೊಡ್ಡ ಚೂರು ಕಂಡರೆ ಬಿಲ್ಲಿನ ಸಮೇತ ತಡಮಾಡದೆ ಅಂಗಡಿಗೆ ಮರಳಿಸಬೇಕು. ಮಾರಾಟಗಾರರು ಸ್ಪಂದಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ನೆರವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದೇ. ಆಗ ಹುಡುಕಬೇಕಾದುದು ಎಳೆ ಮತ್ತು ಪೊರೆಯನ್ನು, ಬಿಡಿ ಕಣಗಳನ್ನಲ್ಲ. ಕಣಗಳನ್ನು ಬೇಕಾದರೆ ಬೆಲೆ ಇಳಿಸಲು ನೆಪವಾಗಿ ಬಳಸಿಕೊಳ್ಳಬಹುದು.

ಮುನ್ನೆಚ್ಚರಿಕೆ

ತೇವಾಂಶ ಶೇ. 40ರಿಂದ 50ರಷ್ಟಿರುವಂತೆ ನೋಡಿಕೊಳ್ಳುವುದು ಉತ್ತಮ. ವಿದ್ಯುತ್ ಚಾಲಿತ ಡ್ರೈ ಕ್ಯಾಬಿನೆಟ್ ಇಲ್ಲದವರು ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಜೊತೆಗೊಂದು ಸಣ್ಣ ತೇವಾಂಶ ಮಾಪಕ ಇರಿಸಬಹುದು. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿಮಾಡಿ ಒಣಗಿಸಬೇಕು. ಚರ್ಮದ ಚೀಲದಲ್ಲಿ ಮುಚ್ಚಿ ಬೀರುವಿನಲ್ಲಿ ಮರೆತ ಲೆನ್ಸ್‌ಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಸಂಭವ ಹೆಚ್ಚು. ಆಗಾಗ ಹೊರತೆಗೆದು ಬಳಸುವುದರಿಂದ ನಾಲ್ಕು ಕಣ ಧೂಳು ಒಳಸೇರಿದರೂ ಚಿಂತೆಯಿಲ್ಲ. ಗಾಳಿ ಬೆಳಕು ಕಾಣದೆ ಕುಳಿತ ಲೆನ್ಸ್‌ಗೆ ಅದಕ್ಕಿಂತ ಹೆಚ್ಚಿನ ಹಾನಿ ತಟ್ಟುತ್ತದೆ.