ಹೊಲ ಹೋದಮ್ಯಾಲಿನ ಶೀಗಿ ಹುಣ್ಣಿವಿ

2025ರ ಶೀಗಿ ಹುಣ್ಣಿವಿ ಅಕ್ಟೋಬರ್ 7ಕ್ಕ ಬಂದಿತ್ತು. ಹಿಂದಿನ ರಾತ್ರಿ ನಾ ಕರ್ಚಿಕಾಯಿ ಕರಿಯೂಮುಂದ ಮೈದುನನ ಮಗಳು ಮೊಬೈಲ್ ಹಿಡಕೊಂಡು ಬಂದ್ಲು. "ದೊಡ್ಡವ್ವ, ಇವತ್ತ ಕೊರಿಯಾದಾಗೂ ಹುಣ್ಣಿವಿ ಹಬ್ಬ ನೋಡು. ಅವರೂ ಕರ್ಚಿಕಾಯಿ ಮಾಡ್ಯಾರ" ಅಂದ್ಲು. ನೋಡಿದ್ರ ಖರೇನ, ಅರ್ಧ ಚಂದ್ರನಂಗ ಮಡಚಿದ್ದು. ಅದಕ್ಕ ಸೊಂಗ್‌ಪ್ಯೊನ್ ಅಂತಾರ. ಅಕ್ಕಿ ಹಿಟ್ಟಿಂದು, ಒಳಗ ಎಳ್ಳಿಂದೋ ಕಾಳಿಂದೋ ಹೂರಣ. ಕರಿಯಂಗಿಲ್ಲ, ಪೈನ್ ಗಿಡದ ಎಲಿ ಹಾಸಿ ಉಗಿಮ್ಯಾಲೆ ಬೇಯಿಸತಾರ.

ಹಬ್ಬದ ಹೆಸರು ಚುಸೊಕ್. ಪ್ಯಾಟಿಯವರೆಲ್ಲಾ ಹಳ್ಳಿಗೆ ಹೋಗಿ, ಹಿರಿಯರಿಗೆ ಎಡಿ ಇಟ್ಟು, ಗೋರಿಮ್ಯಾಲಿನ ಹುಲ್ಲು ತಗದು ಬರತಾರ. ಅದು ಅವರ ಎಂಟನೇ ತಿಂಗಳ ಹುಣ್ಣಿವಿ. ಭಾಳ ಸಲ ನಮ್ಮ ಭಾದ್ರಪದದಾಗ ಬರತೈತಿ. 2024ರಾಗ ಸೆಪ್ಟೆಂಬರ್ 17ಕ್ಕ ಇತ್ತು. 2025ರಾಗ ನಮ್ಮ ಅಧಿಕ ಮಾಸದಂಗ ಅವರಿಗೊಂದು ತಿಂಗಳು ಹೆಚ್ಚು ಬಂದು, ಹಬ್ಬ ನಮ್ಮ ಹುಣ್ಣಿವಿ ಮಗ್ಗಲಾಗ ಬಂದು ಕುಂತಿತ್ತು. ಹಬ್ಬದಾಗ ಹೆಣ್ಮಕ್ಕಳಿಗೇ ಸೊಂಟ ಮುರಿಯೂವಷ್ಟು ಕೆಲಸ ಅಂತ ಅಲ್ಲಿ ಸೊಸಿದೇರೂ ಗೊಣಗತಾರಂತ. ಅದನ್ನ ಕೇಳಿ ನನಗ ಅವರು ನಮ್ಮ ಬೀಗರೇ ಅನಿಸಿಬಿಟ್ರು.

ನಮ್ಮ ಹುಣ್ಣಿವಿ ನಿಮಗೆಲ್ಲಾ ಗೊತ್ತೈತಿ, ಆದ್ರ ಸಣ್ಣ ಹುಡುಗ್ಯಾರಿಗೆ ಗೊತ್ತಿಲ್ಲ, ಅದಕ್ಕ ಬರಿಯಾಕತ್ತೀನಿ. ಆಶ್ವೀಜದಾಗ ಪೀಕು ಕಾಳು ಕಟ್ಟತೈತಿ, ಅಂದ್ರ ಭೂಮಿತಾಯಿ ಬಸರಿ. ಬಸರಿ ಹೆಣ್ಮಗಳಿಗೆ ಬಯಕಿ ಊಟ ಹಾಕಿದಂಗ ಹೊಲಕ್ಕ ಉಣಿಸೂದು. ರಾಶಿ ಮನಿಗೆ ಬರೂಕಿಂತ ಮೊದಲ ನಾವು ಉಣಿಸತೀವಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕಡಬು, ಹೋಳಿಗಿ, ಮೊಸರನ್ನ. ಬನ್ನಿ ಗಿಡದ ಬುಡಕ್ಕ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಪೂಜಿ. ಹಿಂದೊಂದು ಕಲ್ಲು ಇರತೈತಿ. ಕೆಲವರು ಅದಕ್ಕ ಕರ್ಣ ಅಂತಾರ, ಕೆಲವರು ಕಳ್ಳ ಅಂತಾರ. ಆಮ್ಯಾಲೆ ಎಲ್ಲಾ ಅಡಗಿ ಚೂರು ಚೂರು ಕೂಡಿಸಿ, "ಹುಲ್ಲುಲ್ಲಿಗೋ" ಅಂತ ಕೂಗಕೋತ ಗಂಡಸರು ಹೊಲದ ತುಂಬ ಚರಗ ಚೆಲ್ಲತಾರ. ರಾತ್ರಿಯೆಲ್ಲಾ ನಿದ್ದಿಗೆಟ್ಟು ಮಾಡಿದಾಕಿ ಬದುವಿನಮ್ಯಾಲೆ ನಿಂತು ನೋಡಬೇಕು!

1972ರ ಬರದಾಗ ನಮ್ಮತ್ತಿಯವರು ರೇಶನ್ ಅಂಗಡಿಯಿಂದ ತಂದ ಕೆಂಪು ಜೋಳದ ರೊಟ್ಟಿ ಮಾಡಿ ಚರಗ ಚೆಲ್ಲಿಸಿದ್ದರಂತ. ಆಗ ಅಮೇರಿಕಾದಿಂದ ಬಂದ ಜೋಳ ಅದು. ಹೊಲದಾಗ ಪೀಕ ಇಲ್ಲ, ಯಾರಿಗೆ ಉಣಿಸತೀ ಅಂತ ಮಾವನವರು ಕೇಳಿದ್ದಕ್ಕ, "ಕೂಸು ನಿಲ್ಲಲಿಲ್ಲಂತ ತಾಯಿಗೆ ಊಟ ಬಿಡಸ್ತಾರೇನು?" ಅಂದಿದ್ದರಂತ.

ಹುಬ್ಬಳ್ಳಿ–ಧಾರವಾಡ ಕೂಡಿ ಒಂದ ಮಹಾನಗರ ಪಾಲಿಕೆ ಆದದ್ದು 1962ರಾಗ. ಆದ್ರೂ ನಾ ಲಗ್ನಾಗಿ ಲಕಮನಹಳ್ಳಿಗೆ ಬಂದಾಗ ಇದು ಹಳ್ಳಿನ. ಎತ್ತಿಗೆ ಜೂಲ ಹಾಕಿ, ಚಕ್ಕಡ್ಯಾಗ ಕುಂತು ಹೊಲಕ್ಕ ಹೋಗತಿದ್ವಿ. ಈಗ ಲಕಮನಹಳ್ಳಿ ಅಂದ್ರ ಹೊರಗಿನವರಿಗೆ ಕಾರ್ಖಾನಿಗಳ ಹೆಸರು ನೆನಪಾಗತಾವು. ನಮ್ಮ ಆರೆಕರೆನೂ ಅದರಾಗ ಹೋತು. ಬಂದ ರೊಕ್ಕದಾಗ ಮನಿಗೆ ಸ್ಲ್ಯಾಬ್ ಬಿತ್ತು, ನಾದಿನಿ ಲಗ್ನ ಆತು. ಅದನ್ನೂ ಹೇಳಬೇಕು, ಬರೇ ಅತ್ತರ ನಡಿಯಂಗಿಲ್ಲ.

ಹೊಲ ಹೋದ ವರ್ಷ ಹಬ್ಬ ಬ್ಯಾಡ ಅಂದ್ವಿ. ಅತ್ತಿಯವರು ಮಾತಾಡಲಿಲ್ಲ. ನಸುಕಿನ್ಯಾಗ ಎದ್ದು ನೋಡಿದ್ರ ಒಲಿಮುಂದ ಕುಂತಿದ್ರು. ಬುಟ್ಟಿ ಹೊತಗೊಂಡು ನಾನೂ ಅವರ ಬೆನ್ನ ಹತ್ತಿದೆ. ಹೊಲದ ಜಾಗಾಕ್ಕ ಕಾಂಪೌಂಡ್ ಗ್ವಾಡಿ ಬಂದಿತ್ತು. ವಾಚ್‌ಮನ್ ಬಂದು, "ಏನ್ ಬೇಕ್ರಿ ಯವ್ವಾ?" ಅಂದ.

"ಏನೂ ಬ್ಯಾಡಪಾ. ನಮ್ಮ ಹೊಲಕ್ಕ ಉಣಿಸಾಕ ಬಂದೀನಿ."

ಅವ ಸವದತ್ತಿ ಕಡಿಯಾಂವ. ಕೈಯಾಗಿನ ಬಡಗಿ ಗ್ವಾಡಿಗೆ ಆನಿಸಿ, ಬುಟ್ಟಿ ಇಸಗೊಂಡು, ತಾನ ಒಳಗ ನಾಕೂ ಮೂಲಿಗೆ ಚರಗ ಚೆಲ್ಲಿ ಬಂದ. ಕೂಗಿದ್ದೂ ನಮಗ ಹೊರಗ ಕೇಳಿಸ್ತು. ಅತ್ತಿಯವರು ಅವಗ ಎರಡು ಹೋಳಿಗಿ ಜಾಸ್ತಿನ ಕೊಟ್ರು. ಮನಿಗೆ ಬರೂತನಕ ಸೆರಗಿಲೆ ಕಣ್ಣು ಒರಸಗೊಂಡ್ರು, ಬಿಸಲಿಗೆ ಅಂದ್ರು.

ಮುಂದಿನ ವರ್ಷದಿಂದ ನಾದಿನಿ ಅಮ್ಮಿನಬಾವಿಗೆ ಕರಿಯಾಕತ್ತಿದ್ಲು. ಎಲ್ಲಾರೂ ಕೂಡಿ ಹೊಕ್ಕೀವಿ, ಮೂವತ್ತು ಮಂದಿ ಆಗತೀವಿ. ಅಲ್ಲೂ ಚಕ್ಕಡಿ ಇಲ್ಲ, ಟ್ರ್ಯಾಕ್ಟರ್ ಟ್ರಾಲಿ. ಈ ಸಲ ಮೈದುನನ ಮಗಳು, "ಗಂಡಸರ ಯಾಕ ಚೆಲ್ಲಬೇಕು?" ಅಂತ ಬುಟ್ಟಿ ಕಸಗೊಂಡ್ಲು. ಅವರಪ್ಪ ಏನೋ ಅನ್ನಾಕ ಹೋದ. ನಾದಿನಿ, "ನನ್ನ ಹೊಲ, ಚೆಲ್ಲಲಿ ಬಿಡು" ಅಂದ್ಲು. ಲಕಮನಹಳ್ಳಿ ಹೊಲದ ರೊಕ್ಕದಾಗ ಲಗ್ನಾಗಿ ಹೋದ ಮಗಳು ಹಂಗಂದದ್ದನ್ನ ಕೇಳಾಕ ಅತ್ತಿಯವರು ಇರಬೇಕಿತ್ತು. ಹುಡುಗಿ ಸೋಯಾದ ಸಾಲಿನ್ಯಾಗ ಕೂಗಕೋತ ಹೋತು. ಕೂಗು ಸರಿ ಬರಲಿಲ್ಲ, ಎಲ್ಲಾರೂ ನಕ್ಕೋತ ಹೇಳಿಕೊಟ್ವಿ.