ಕೇಪಿನ ಕೋವಿಗೂ ಒಂದು ಚರಿತ್ರೆ ಬೇಡವೇ?

ಅಮೆರಿಕದಲ್ಲಿ ಕೆಲವರಿಗೆ ಒಂದು ವಿಚಿತ್ರ ಹುಚ್ಚು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಕುಶಲಕರ್ಮಿಗಳು ಮಾಡುತ್ತಿದ್ದ ಉದ್ದ ನಳಿಗೆಯ ಚಕಮಕಿ ಕೋವಿಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಒಡೆದ ಮರ ಕೂಡಿಸಿ ಮತ್ತೆ ಜೀವ ಕೊಡುತ್ತಾರೆ. ಹಳೆಯದು ಸಿಗದಿದ್ದರೆ ಅದೇ ಅಳತೆಯಲ್ಲಿ, ಅದೇ ಮೇಪಲ್ ಮರದಲ್ಲಿ ಹೊಸದನ್ನೇ ಕಟ್ಟುತ್ತಾರೆ!

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಇದನ್ನು ಕೇಳಿದರೆ ನಗು ಬಂದೀತು. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿಯುವ ಕೋವಿ ನಮ್ಮಲ್ಲಿ ಪುರಾತನ ವಸ್ತುವೇ ಅಲ್ಲ. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬರುವ ಊರಲ್ಲಿ ಅದು ಕತ್ತಿ, ಗುದ್ದಲಿಯ ಜೊತೆಗಿನ ಇನ್ನೊಂದು ಸಲಕರಣೆ. ಎಷ್ಟೋ ಸಲ ಚರೆಯೂ ಬೇಡ, ಬರೀ ಸದ್ದು ಸಾಕು.

ಒಂದು ವ್ಯತ್ಯಾಸವಿದೆ. ಚಕಮಕಿ ಕೋವಿಯಲ್ಲಿ ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ತೂತಿನ ಮೂಲಕ ಬೆಂಕಿ ಒಳಗೆ ಹೋಗುತ್ತದೆ. ಮಳೆ ಬಂದರೆ ಬಟ್ಟಲಿನ ಮದ್ದು ತೋಯ್ದು ಎಲ್ಲ ಠುಸ್! ಹಕ್ಕಿ ಬೇಟೆಯ ಗೀಳಿದ್ದ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದೇ ತಾಮ್ರದ ಪುಟ್ಟ ಟೋಪಿಯಾಯಿತು. ಅದೇ ನಮ್ಮ 'ಕೇಪು'. ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ ಸುರಿಯುವ ಮಲೆನಾಡಿಗೆ ಹೇಳಿ ಮಾಡಿಸಿದ ಸುಧಾರಣೆ!

ಆಗ ಜಗತ್ತಿನಾದ್ಯಂತ ಚಕಮಕಿ ಕೋವಿಗಳ ಬಟ್ಟಲು ಕಿತ್ತು, ಕೇಪು ಕೂರಿಸುವ ಕೊಳವೆ ತಿರುಪಿ, ಹೊಸ ಕುದುರೆ ಹಾಕಿ ಬದಲಾಯಿಸಿದರು. ಅಂಥ ಕೋವಿಯ ಬಲಬದಿಯಲ್ಲಿ ಮುಚ್ಚಿದ ತೂತಿನ ಗುರುತು ಇರುತ್ತದೆ. ಅಮೆರಿಕದ ಹವ್ಯಾಸಿಗಳು ಆ ಗುರುತು ನೋಡಿಯೇ ಕೋವಿಯ ಮೂಲ ಸ್ವರೂಪ ಪತ್ತೆ ಮಾಡುತ್ತಾರೆ.

ಸರಿ, ತೋಟಾ ಕೋವಿ ಬಂದು ಒಂದೂವರೆ ಶತಮಾನವಾದರೂ ಕೇಪಿನ ಕೋವಿ ನಮ್ಮಲ್ಲಿ ಉಳಿದದ್ದು ಹೇಗೆ? ಹಳತಿನ ಮೇಲಿನ ಪ್ರೀತಿಯಿಂದಲ್ಲ, ಕಾಯ್ದೆಯಿಂದ. 1878ರಲ್ಲಿ ಲಿಟ್ಟನ್ ತಂದ ಶಸ್ತ್ರ ಕಾಯ್ದೆ ಕೋವಿಗೆ ಪರವಾನಗಿ ಬೇಕೆಂದಿತು. ಸ್ವತಂತ್ರ ಭಾರತದ 1959ರ ಕಾಯ್ದೆಯ 13ನೇ ಕಲಂ ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸಿತು; ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ಅಮೆರಿಕದಲ್ಲಿ ಹವ್ಯಾಸ ಉಳಿಸಿದ್ದನ್ನು ಇಲ್ಲಿ ಸರ್ಕಾರಿ ಕಾಗದ ಉಳಿಸಿತು!

ಈಗ ಅದೇ ಕಾಗದದಿಂದ ಅದು ಹೋಗುತ್ತಿದೆ. ಪರವಾನಗಿ ಇದ್ದ ಅಜ್ಜ ತೀರಿಕೊಂಡರೆ ಮಗನೋ ಮೊಮ್ಮಗನೋ ಹೊಸದಾಗಿ ಪರವಾನಗಿ ಪಡೆಯಬೇಕು, ಇಲ್ಲವೇ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಮಕ್ಕಳು ಬೆಂಗಳೂರಲ್ಲಿ, ಯಾರಿಗೆ ಬೇಕು ಓಡಾಟ? ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಕೋವಿ ಸರ್ಕಾರಕ್ಕೆ ಮುಟ್ಟುಗೋಲು. ಅಮೆರಿಕದವರ ಹಾಗೆ ಮನೆಯಲ್ಲೇ ರಿಪೇರಿ ಅಂಗಡಿ ತೆರೆಯುವಂತೆಯೂ ಇಲ್ಲ. ಮಾಡಲಿಕ್ಕೂ, ರಿಪೇರಿ ಮಾಡಲಿಕ್ಕೂ ಪರವಾನಗಿ ಬೇಕು. ರಿಪೇರಿ ಮಾಡಿದರೂ ಹಾರದಷ್ಟು ಹಾಳಾದ ಪುರಾತನ ಕೋವಿಗೆ ಮಾತ್ರ 45ನೇ ಕಲಂನಲ್ಲಿ ವಿನಾಯಿತಿ. ಅಂದರೆ ಸತ್ತ ಕೋವಿ ಗೋಡೆಯ ಮೇಲೆ ಇರಬಹುದು, ಬದುಕಿದ್ದು ಇರಬಾರದು!

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ, ಹುಲಿ ಗುರುತಿನ ಚಕಮಕಿ ಕೋವಿಗಳ ಕಥೆ ನೋಡಿ. 1799ರಲ್ಲಿ ಲೂಟಿಯಾಗಿ ಇಂಗ್ಲೆಂಡಿಗೆ ಹೋದವು. 2015ರಲ್ಲೂ ಲಂಡನ್‌ನ ಬಾನಮ್ಸ್‌ನಲ್ಲಿ ಟಿಪ್ಪುವಿನ ಆಯುಧಗಳು ಹರಾಜಾದವು. ಅರಸನ ಕೋವಿಗೆ ಕ್ಯಾಟಲಾಗ್ ಇದೆ. ಬೆಳೆಗಾರನ ಕೋವಿಗೆ ಠಾಣೆಯ ರಿಜಿಸ್ಟರಿನಲ್ಲಿ ಒಂದು ನಂಬರ್, ಅಷ್ಟೇ.

ನಾನು ಬೇಟೆಯ ಪರ ವಾದಿಸುತ್ತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಂದದ್ದು ಒಳ್ಳೆಯದೇ. ಆದರೆ ಅಜ್ಜನ ಕೋವಿ ಠಾಣೆಗೆ ಹೋಗುವ ಮೊದಲು ನಾಲ್ಕು ಫೋಟೋ ತೆಗೆಯಲು ಯಾರ ಪರವಾನಗಿಯೂ ಬೇಡವಲ್ಲ? ನಳಿಗೆಯ ಉದ್ದ, ಅದರ ಮೇಲಿನ ಅಕ್ಷರ, ಮರ ಯಾವುದು, ಬಲಬದಿಯ ಗುರುತು, ಹಳೆಯ ಪರವಾನಗಿ ಪುಸ್ತಕದ ಮೊದಲ ವರ್ಷ... ಇಷ್ಟು ಬರೆದಿಡಿ. ಮನೆಯ ಹಿರಿಯರು ಇದ್ದರೆ ಇವತ್ತೇ ಕೇಳಿ. ಕೋವಿ ಹೋದರೂ ಅದರ ಚರಿತ್ರೆಯಾದರೂ ಮನೆಯಲ್ಲಿ ಉಳಿಯಲಿ.