ನಡುಮನೆಯಲ್ಲೊಂದು ಕೊಲೆ

ರಾತ್ರಿ ಹತ್ತೂವರೆಯ ಸಮಯ. ಚಾಮರಾಜಪೇಟೆಯ ಹಳೆಯ ಮನೆಯೊಂದರ ನಡುಮನೆ. ದೀಪಗಳೆಲ್ಲ ಆರಿವೆ. ಕೆಂಪು ಗಾರೆಯ ನೆಲದ ಮೇಲೆ ಒಬ್ಬ ಹುಡುಗ ಬೋರಲಾಗಿ ಬಿದ್ದಿದ್ದಾನೆ. ಇನ್ನೊಬ್ಬ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿ ತೆರೆಯಿತು.

'ಏನ್ರೋ ಅದು, ಈ ಹೊತ್ನಲ್ಲಿ ಗಲಾಟೆ?'

'ಏನಿಲ್ಲ ಅಜ್ಜಿ, ಕೊಲೆ ಮಾಡ್ತಾ ಇದೀವಿ.'

'ಮಾಡ್ಕೊಳ್ಳಿ. ಬೇಗ ಮುಗಿಸಿ. ನಾಳೆ ಏಕಾದಶಿ, ನಾನು ಬೇಗ ಏಳ್ಬೇಕು.'

ಬಿದ್ದಿದ್ದ ಹೆಣ ನಕ್ಕುಬಿಟ್ಟಿತು. ಏಳನೆಯ ಟೇಕ್ ಕೂಡ ಹಾಳಾಯಿತು.

ನಗರದ ಕಾಲೇಜೊಂದರ ಏಳು ಮಂದಿ ವಿದ್ಯಾರ್ಥಿಗಳು ಎಂಟು ನಿಮಿಷದ ಕಿರುಚಿತ್ರ ತೆಗೆಯುತ್ತಿದ್ದರು. ಕ್ಯಾಮೆರಾ ಎಂದರೆ ಒಬ್ಬನ ಮೊಬೈಲ್ ಫೋನು. ಕಥೆ, ಬೇರೆ ಹೇಳಬೇಕಿಲ್ಲ, ಥ್ರಿಲ್ಲರ್. ಕಾಲೇಜು ಉತ್ಸವಗಳ ಕಿರುಚಿತ್ರ ಸ್ಪರ್ಧೆಗಳನ್ನು ವರದಿ ಮಾಡಲು ಹೋದಾಗಲೆಲ್ಲ ನಾನು ಕಂಡದ್ದು ಇದನ್ನೇ. ಪ್ರೇಮಕಥೆ ಒಂದೆರಡು, ಸಮಾಜಕ್ಕೆ ಸಂದೇಶ ಕೊಡುವಂಥವು ಒಂದೆರಡು. ಮಿಕ್ಕವುಗಳಲ್ಲಿ ಯಾರೋ ಯಾರನ್ನೋ ಹಿಂಬಾಲಿಸುತ್ತಿರುತ್ತಾರೆ. ತೀರ್ಪುಗಾರರು ಪ್ರತಿವರ್ಷವೂ ಇದಕ್ಕೆ ಮುಖ ಕಿವಿಚುತ್ತಾರೆ. ಹುಡುಗರು ವಿದೇಶಿ ಚಿತ್ರಗಳನ್ನು ನಕಲು ಮಾಡುತ್ತಾರೆ ಎಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಬೇರೆಯೇ ಕಾರಣ ಕಾಣುತ್ತದೆ. ಕೈಯಲ್ಲಿ ಕಾಸಿಲ್ಲದವನಿಗೆ ಒಲಿಯುವ ಪ್ರಕಾರವೆಂದರೆ ಥ್ರಿಲ್ಲರೇ. ಐತಿಹಾಸಿಕ ಚಿತ್ರಕ್ಕೆ ಆನೆ, ಕುದುರೆ ಬೇಕು. ಹಾಡಿನ ಚಿತ್ರಕ್ಕೆ ವಾದ್ಯವೃಂದ ಬೇಕು. ಥ್ರಿಲ್ಲರಿಗೆ ಬೇಕಾದದ್ದು ಒಂದು ಕೋಣೆ, ಒಂದಿಷ್ಟು ಕತ್ತಲೆ ಮತ್ತು ಪ್ರೇಕ್ಷಕನಿಂದ ಏನನ್ನು ಬಚ್ಚಿಡಬೇಕೆಂಬ ಲೆಕ್ಕಾಚಾರ.

ಪೋಲೆಂಡಿನ ಲೋಡ್ಜ್ ನಗರದಲ್ಲಿ 1948ರಲ್ಲಿ ಆರಂಭವಾದ ಚಲನಚಿತ್ರ ಶಾಲೆ ಹೆಸರಾಂತದ್ದು. ಅಲ್ಲಿ ವಿದ್ಯಾರ್ಥಿಯಾಗಿದ್ದ ರೋಮನ್ ಪೊಲಾನ್ಸ್ಕಿ 1957ರಲ್ಲಿ 'ಕೊಲೆ' ಎಂಬ ಅರ್ಥದ ಹೆಸರಿನ ಚಿತ್ರವೊಂದನ್ನು ತೆಗೆದರು. ಅದರ ಅವಧಿ ಎರಡು ನಿಮಿಷವೂ ಇಲ್ಲ. ಬಾಗಿಲು ತೆರೆಯುತ್ತದೆ, ಒಬ್ಬ ಒಳಬರುತ್ತಾನೆ, ಮಲಗಿದ್ದವನನ್ನು ಇರಿಯುತ್ತಾನೆ, ಹೊರಟುಹೋಗುತ್ತಾನೆ. ಮಾತಿಲ್ಲ, ಕಾರಣವಿಲ್ಲ. ಬ್ರಿಟನ್ನಿನ ಕ್ರಿಸ್ಟೋಫರ್ ನೋಲನ್ 1997ರ 'ಡೂಡಲ್‌ಬಗ್' ಎಂಬ ಮೂರು ನಿಮಿಷದ ಚಿತ್ರದಲ್ಲಿ ಒಂದು ಕೋಣೆ, ಒಬ್ಬ ಮನುಷ್ಯ, ಹುಳುವನ್ನು ಹೊಡೆಯಲು ಕೈಯಲ್ಲಿ ಹಿಡಿದ ಒಂದು ಬೂಟು, ಇಷ್ಟರಲ್ಲೇ ಕೆಲಸ ಮುಗಿಸಿದರು. ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೂಡ ಹಿಂದುಳಿದಿಲ್ಲ. ಅಲ್ಲಿ ಕಲಿತ ವಿಧು ವಿನೋದ್ ಚೋಪ್ರಾ ಅವರ 1976ರ ಡಿಪ್ಲೊಮಾ ಚಿತ್ರದ ಹೆಸರೇ 'ಮರ್ಡರ್ ಅಟ್ ಮಂಕಿ ಹಿಲ್'. ವಿದ್ಯಾರ್ಥಿಯ ಆ ಕೊಲೆಗಥೆಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಥ್ರಿಲ್ಲರಿನ ಲೆಕ್ಕಾಚಾರವನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸಿದವರು ಆಲ್ಫ್ರೆಡ್ ಹಿಚ್‌ಕಾಕ್. ಇಬ್ಬರು ಮೇಜಿನ ಮುಂದೆ ಕೂತು ಲೋಕಾಭಿರಾಮ ಮಾತಾಡುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬಿದೆ ಎಂದುಕೊಳ್ಳಿ. ಅದು ಹಠಾತ್ತನೆ ಸಿಡಿದರೆ ಪ್ರೇಕ್ಷಕ ಬೆಚ್ಚಿಬೀಳುವುದು ಕೆಲವು ಕ್ಷಣ ಮಾತ್ರ. ಬಾಂಬು ಇರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಕೂತವರಿಗೆ ಗೊತ್ತಿಲ್ಲದಿದ್ದರೆ? ಅವರು ಕ್ರಿಕೆಟ್ ಬಗ್ಗೆ ಮಾತಾಡಿದರೂ ನಾವು ಕುರ್ಚಿಯ ತುದಿಗೆ ಬಂದಿರುತ್ತೇವೆ. ಗಮನಿಸಿ, ಎರಡೂ ದೃಶ್ಯಗಳಿಗೆ ತಗಲುವ ಖರ್ಚು ಒಂದೇ. ವ್ಯತ್ಯಾಸವಿರುವುದು ಯಾರಿಗೆ ಏನು ಯಾವಾಗ ಗೊತ್ತಾಗಬೇಕು ಎಂಬುದರಲ್ಲಿ.

ಈ ಕತ್ತಲೆ ಬೆಳಕಿನ ವಿದ್ಯೆಗೆ ಬೆಂಗಳೂರಿನಲ್ಲೇ ಒಂದು ಹಳೆಯ ಗುರುಕುಲವಿತ್ತು ಎಂಬುದನ್ನು ಇಂದಿನ ಹುಡುಗರಲ್ಲಿ ಬಲ್ಲವರು ಕಡಿಮೆ. 1943ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಹುಟ್ಟಿ, ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾದ ಸಂಸ್ಥೆಯಲ್ಲಿ ಸಿನಿಮಾ ಛಾಯಾಗ್ರಹಣವನ್ನೂ ಕಲಿಸುತ್ತಿದ್ದರು. ಪುಣೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂದದ್ದು 1960ರಲ್ಲಿ. ಅದಕ್ಕಿಂತ ಹದಿನೇಳು ವರ್ಷ ಮೊದಲೇ ಶೇಷಾದ್ರಿ ರಸ್ತೆಯಲ್ಲಿ ಕ್ಯಾಮೆರಾ ಪಾಠ ನಡೆದಿತ್ತು. ಹಡಗು ಕಟ್ಟುವ ಕಾರ್ಖಾನೆ, ಮೋಟಾರು ಕಾರ್ಖಾನೆ ಎಂದು ಕನಸು ಕಾಣುತ್ತಿದ್ದ ಎಂಜಿನಿಯರ್ ಸಿನಿಮಾವನ್ನೂ ಒಂದು ಕಸುಬಾಗಿ ಕಂಡರು ಎಂಬುದು ನನಗೆ ಇಂದಿಗೂ ಸೋಜಿಗ.

ಅಲ್ಲಿಂದ 1946ರಲ್ಲಿ ಡಿಪ್ಲೊಮಾ ಪಡೆದು ಹೊರಬಂದವರಲ್ಲಿ ಮೈಸೂರಿನ ತರುಣ ವಿ.ಕೆ. ಮೂರ್ತಿ ಒಬ್ಬರು. ಮುಂಬೈಗೆ ಹೋಗಿ ಗುರುದತ್ತರ ಕಣ್ಣಾದವರು. ಮೂರ್ತಿಯವರೆಂದರೆ 'ಪ್ಯಾಸಾ', 'ಕಾಗಜ್ ಕೆ ಫೂಲ್' ಎನ್ನುವುದು ವಾಡಿಕೆ. ಆದರೆ 1956ರ 'ಸಿ.ಐ.ಡಿ.' ಎಂಬ ಅಪ್ಪಟ ಪತ್ತೇದಾರಿ ಚಿತ್ರದ ಕ್ಯಾಮೆರಾ ಕೂಡ ಅವರದೇ. ಅದರಲ್ಲಿ ಅರ್ಧ ಮುಖ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ ನಿಲ್ಲುವ ಪಾತ್ರಗಳನ್ನು ನೋಡಿದರೆ ಸಾಕು, ಸಂಶಯ ತಾನಾಗಿ ಮೊಳೆಯುತ್ತದೆ.

'ಕಾಗಜ್ ಕೆ ಫೂಲ್' (1959) ಚಿತ್ರದ ಬೆಳಕಿನ ಕೋಲಿನ ಕಥೆ ಸಿನಿಮಾ ಮಂದಿಗೆಲ್ಲ ಗೊತ್ತಿರುವುದೇ. ಕತ್ತಲು ಕವಿದ ಸ್ಟುಡಿಯೋದಲ್ಲಿ ಮೇಲಿನಿಂದ ಒಂದು ಬಿಸಿಲಕೋಲು ಇಳಿಯಬೇಕು, ಅದರಲ್ಲಿ ಧೂಳಿನ ಕಣಗಳು ತೇಲಬೇಕು ಎಂಬುದು ಗುರುದತ್ತರ ಆಸೆ. ಸ್ಟುಡಿಯೋದ ದೊಡ್ಡ ದೀಪಗಳ ಬೆಳಕು ಹರಡಿಕೊಳ್ಳುತ್ತದೆಯೇ ಹೊರತು ಕೋಲಾಗಿ ಇಳಿಯುವುದಿಲ್ಲ. ಮೂರ್ತಿ ದೊಡ್ಡ ಕನ್ನಡಿಗಳನ್ನು ತರಿಸಿದರು. ಹೊರಗಿನ ಬಿಸಿಲಿಗೆ ಒಂದನ್ನು ಹಿಡಿಸಿ, ಆ ಬೆಳಕು ಒಳಗೆ ಎತ್ತರದಲ್ಲಿಟ್ಟ ಇನ್ನೊಂದಕ್ಕೆ ತಗುಲಿ ಅಲ್ಲಿಂದ ಕೆಳಗೆ ಇಳಿಯುವಂತೆ ಮಾಡಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯ ಸಿದ್ಧವಾದದ್ದು ಸೂರ್ಯ ಮತ್ತು ಎರಡು ಕನ್ನಡಿಗಳಿಂದ.

ಇದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿ ಮೂರ್ತಿಯವರಿಗೇ ಸಹಾಯಕರಾದರು. ಗಿರೀಶ ಕಾರ್ನಾಡರ 'ಕಾಡು' (1973) ಚಿತ್ರದ ರಾತ್ರಿಗಳನ್ನು ಸೆರೆಹಿಡಿದವರು ಅವರೇ. 'ಅರ್ಧ ಸತ್ಯ' (1983) ನಿರ್ದೇಶಿಸಿದವರೂ ಅವರೇ. ಪಾಲಿಟೆಕ್ನಿಕ್ಕಿನ ಸಿನಿಮಾ ವಿಭಾಗ ಮುಂದೆ ಹೆಸರಘಟ್ಟ ಸೇರಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಯಿತು. ಮೂರ್ತಿಯವರು ಕೊನೆಗಾಲದಲ್ಲಿ ಬೆಂಗಳೂರಿಗೆ ಮರಳಿ ಶಂಕರಪುರದಲ್ಲಿ ನೆಲೆಸಿದ್ದರು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ ಸಂದ ಫಾಲ್ಕೆ ಪ್ರಶಸ್ತಿ ಅವರದು. 2014ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಕೊಲೆಯ ದೃಶ್ಯಕ್ಕೆ ಬೆಳಕು ಸಾಲದೆ ಈ ಹುಡುಗರು ಪರದಾಡುತ್ತಿದ್ದ ಮನೆಗೂ ಶಂಕರಪುರಕ್ಕೂ ನಡೆದುಹೋಗುವಷ್ಟೇ ದೂರ.

ಆ ಕಾಲದ ವಿದ್ಯಾರ್ಥಿಗೆ ಪ್ರತಿ ಅಡಿ ಫಿಲ್ಮೂ ದುಡ್ಡು. 16 ಎಂ.ಎಂ.ನ 400 ಅಡಿಯ ಒಂದು ಸುರುಳಿ ಓಡುವುದು ಸುಮಾರು 11 ನಿಮಿಷ. ಹತ್ತು ನಿಮಿಷದ ಚಿತ್ರಕ್ಕೆ ಒಂದೊಂದು ದೃಶ್ಯವನ್ನು ನಾಲ್ಕು ಸಲ ತೆಗೆದರೂ ನಾಲ್ಕು ಸುರುಳಿ ಬೇಕು. ಸಂಸ್ಕರಣದ ಖರ್ಚು ಬೇರೆ. 1965ರಲ್ಲಿ ಕೊಡಕ್ ಕಂಪನಿ ತಂದ ಸೂಪರ್ 8 ಅಗ್ಗವಾಗಿತ್ತು ನಿಜ, ಆದರೆ ಅದರ 50 ಅಡಿಯ ಡಬ್ಬಿ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಖಾಲಿ. ಹೀಗಾಗಿ ಹುಡುಗರು ಕ್ಯಾಮೆರಾ ಮುಟ್ಟುವ ಮೊದಲೇ ತಾಲೀಮು ನಡೆಸಿ ಸುಸ್ತಾಗುತ್ತಿದ್ದರು. ನೋಲನ್ ತಮ್ಮ ಮೊದಲ ಪೂರ್ಣಾವಧಿ ಚಿತ್ರ 'ಫಾಲೋಯಿಂಗ್' (1998) ತೆಗೆದದ್ದೂ ಹೀಗೆಯೇ. ಗೆಳೆಯರೇ ನಟರು, ಶನಿವಾರಗಳಲ್ಲಿ ಮಾತ್ರ ಚಿತ್ರೀಕರಣ, ಕಿಟಕಿಯಿಂದ ಬರುವ ಬೆಳಕೇ ಬೆಳಕು. ಒಟ್ಟು ಖರ್ಚು ಆರು ಸಾವಿರ ಡಾಲರ್. ಒಂದೆರಡು ಟೇಕ್‌ಗಳಲ್ಲೇ ಮುಗಿಯಬೇಕೆಂದು ಎಲ್ಲವನ್ನೂ ನಾಟಕದಂತೆ ಅಭ್ಯಾಸ ಮಾಡಿಸಿದ್ದರು.

ಇನ್ನು ಕನ್ನಡದ ಮಾತು. ಪತ್ತೇದಾರಿಯ ರುಚಿಯನ್ನು ನಮ್ಮವರಿಗೆ ಹಚ್ಚಿದ್ದು ಸಿನಿಮಾ ಅಲ್ಲ, ಬಾಡಿಗೆ ಪುಸ್ತಕದ ಅಂಗಡಿ. 'ಪತ್ತೇದಾರ ಪುರುಷೋತ್ತಮ'ನಿಂದ ಮೊದಲಾಗಿ ಎನ್. ನರಸಿಂಹಯ್ಯನವರು ಬರೆದ ಕಾದಂಬರಿಗಳು 500ಕ್ಕೂ ಹೆಚ್ಚು. ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಅವನ್ನು ಓದಿದ ತಲೆಮಾರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇನ್ನೂ ಇದೆ. ವಿಮರ್ಶಕರು ಅತ್ತ ಕಣ್ಣೆತ್ತಿ ನೋಡಲಿಲ್ಲ. ಓದುಗರು ಅದಕ್ಕೆ ಕಾಯಲೂ ಇಲ್ಲ.

ತೆರೆಯ ಮೇಲೆ ಈ ಜಾಡು ಹಿಡಿದವರು ತರುಣರೇ. 'ಅಪರಿಚಿತ' (1978) ಬಂದಾಗ ಕಾಶೀನಾಥ್ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ಆ ಚಿತ್ರ ಮುಂದೆ 'ಬೇಶಕ್' (1981) ಎಂದು ಹಿಂದಿಗೂ ಹೋಯಿತು. ಸುನೀಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ 'ತರ್ಕ' (1989). ಅಗಾಥಾ ಕ್ರಿಸ್ಟಿಯ ನಾಟಕವೊಂದರ ಎಳೆ, ಕೆಲವೇ ಪಾತ್ರಗಳು, ಒಂದೂ ಹಾಡಿಲ್ಲ. ಹಾಡಿಲ್ಲದ ಕನ್ನಡ ಚಿತ್ರ ಎಂದರೆ ಆಗ ಒಗ್ಗರಣೆಯಿಲ್ಲದ ಸಾರು ಎಂದೇ ಲೆಕ್ಕ. ಜನ ನೋಡಿದರು. ಅವರದೇ 'ನಿಷ್ಕರ್ಷ' (1993) ಬಹುಪಾಲು ಒಂದೇ ಕಟ್ಟಡದೊಳಗೆ ನಡೆಯುತ್ತದೆ. ಅದೇ ವರ್ಷ, ಬಸವನಗುಡಿಯ ಎ.ಪಿ.ಎಸ್. ಕಾಲೇಜಿನಲ್ಲಿ ಓದಿ ಕಾಶೀನಾಥರ ಬಳಿ ಪಳಗಿದ ಉಪೇಂದ್ರ 'ಶ್!' ತಂದರು. ಅದರಲ್ಲಿ ಸಿನಿಮಾ ಚಿತ್ರೀಕರಣವೇ ಭಯದ ತಾಣ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಜಾಣತನ ಉಂಟೆ? ಕ್ಯಾಮೆರಾ, ದೀಪ, ಟ್ರಾಲಿ ಹೇಗೂ ಇವೆ, ಅವನ್ನೇ ಕಥೆಯೊಳಗೆ ಎಳೆದರಾಯಿತು.

ಹಳೆಯ ಬಡಾವಣೆಗಳಿಗೂ ಈ ಪ್ರಕಾರಕ್ಕೂ ಒಂದು ವಿಚಿತ್ರ ನಂಟಿದೆ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇಕ್ಕಟ್ಟಾದ ಪೇಟೆಯಲ್ಲಿ ಸಾವು ಕಂಡ ಜನ ಗಾಳಿ ಬೆಳಕು ಬೇಕೆಂದು ಇತ್ತ ಬಂದರು. ಅಗಲವಾದ ರಸ್ತೆ, ಮನೆಯ ಮುಂದೆ ಜಗುಲಿ, ಹಿಂದೆ ಹಿತ್ತಲು, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಕನ್ಸರ್ವೆನ್ಸಿ ಓಣಿ. ಬೆಳಕಿಗಾಗಿ ಕಟ್ಟಿದ ಈ ಮನೆಗಳು ಹಗಲಿನಲ್ಲಿ ಸರಳಿನ ಕಿಟಕಿಗಳಿಂದ ನೆಲದ ಮೇಲೆ ಪಟ್ಟೆಪಟ್ಟೆ ನೆರಳು ಬಿಡಿಸುತ್ತವೆ. ಮುಂಬಾಗಿಲಿನಿಂದ ಹಿತ್ತಿಲ ಬಾಗಿಲವರೆಗೆ ಒಂದೇ ನೇರದಲ್ಲಿ ಕಾಣುತ್ತದೆ. ಹೊಸ್ತಿಲಲ್ಲಿ ಕ್ಯಾಮೆರಾ ಇಟ್ಟರೆ, ಹಿತ್ತಿಲಿನಿಂದ ಒಳನುಗ್ಗುವವನನ್ನು ಪ್ರೇಕ್ಷಕ ನೋಡಬಲ್ಲ, ನಡುಮನೆಯಲ್ಲಿ ಬೆನ್ನು ತಿರುಗಿಸಿ ಕೂತವನು ನೋಡಲಾರ. ಹಿಚ್‌ಕಾಕನ ಬಾಂಬು ಕಟ್ಟಡದ ನಕ್ಷೆಯಲ್ಲೇ ಇದೆ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಈ ಸೌಲಭ್ಯವಿಲ್ಲ.

2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರದ ಕ್ಯಾಮೆರಾ ಒಳ್ಳೆಯ ಗುಣಮಟ್ಟದ ವಿಡಿಯೋವನ್ನೂ ತೆಗೆಯತೊಡಗಿದ ಮೇಲೆ ಫಿಲ್ಮಿನ ಖರ್ಚು ಹೋಯಿತು. ಬಳಿಕ ಫೋನುಗಳು ಬಂದು ಕ್ಯಾಮೆರಾದ ಬಾಡಿಗೆಯನ್ನೂ ಉಳಿಸಿದವು. ಆದರೆ ಖರ್ಚಿನ ಜತೆಗೆ ತಾಲೀಮೂ ಹೋಯಿತು ಎಂಬುದು ನನ್ನ ತಕರಾರು. ಏಳು ಟೇಕ್ ಹಾಳಾದರೆ ಎಂಟನೆಯದಿದೆ ಎಂಬ ಧೈರ್ಯವೇ ಅನೇಕ ಚಿತ್ರಗಳನ್ನು ಸಡಿಲಗೊಳಿಸಿದೆ. ಇದನ್ನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಾವೂ ಗೆಳೆಯರು ಸೇರಿ ಹತ್ತು ನಿಮಿಷದ ಥ್ರಿಲ್ಲರ್ ತೆಗೆದಿದ್ದೆವು. ಚಿತ್ರ ಚೆನ್ನಾಗಿಯೇ ಬಂದಿತ್ತು, ಧ್ವನಿಯನ್ನು ಯಾರೂ ನೋಡಿಕೊಂಡಿರಲಿಲ್ಲ. ಹಂತಕ ಮೆಟ್ಟಿಲು ಹತ್ತುವಾಗ ಹೆಜ್ಜೆಯ ಸದ್ದಿನ ಬದಲು ಯಾರ ಮನೆಯದೋ ಕುಕ್ಕರಿನ ಮೂರು ವಿಷಲ್ ಕೇಳಿಸಿದವು. ಪ್ರದರ್ಶನದಲ್ಲಿ ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಭಯ ಕಣ್ಣಿಗಿಂತ ಮೊದಲು ಕಿವಿಗೆ ತಟ್ಟುತ್ತದೆ ಎಂಬುದು ನಮಗೆ ಅರಿವಾದದ್ದು ಅಂದು.

ಕಡಿಮೆ ದಿನಗಳ ಕಟ್ಟುಪಾಡು ಏನನ್ನು ಹೊರತರಬಲ್ಲದು ಎಂಬುದಕ್ಕೆ ಈಚಿನ ಉದಾಹರಣೆಯೂ ಕನ್ನಡದ್ದೇ. ಮೈಸೂರಿನಲ್ಲಿ ವೈದ್ಯಶಾಸ್ತ್ರ ಓದಿದ ಚಿದಾನಂದ ಎಸ್. ನಾಯ್ಕ್ ಪುಣೆಯಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ ಸೇರಿ, ನಾಲ್ಕೇ ದಿನಗಳಲ್ಲಿ ಹದಿನಾರು ನಿಮಿಷದ ಕನ್ನಡ ಕಿರುಚಿತ್ರ ತೆಗೆದರು. ಮುದುಕಿಯೊಬ್ಬಳು ಊರಿನ ಕೋಳಿ ಕದ್ದೊಯ್ಯುತ್ತಾಳೆ, ಸೂರ್ಯ ಹುಟ್ಟುವುದೇ ಇಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆ. ಥ್ರಿಲ್ಲರ್ ಎಂದು ಅದಕ್ಕೆ ಹಣೆಪಟ್ಟಿ ಇಲ್ಲದಿರಬಹುದು. ಕಳವು, ಹುಡುಕಾಟ, ಮುಗಿಯದ ರಾತ್ರಿ, ಎಲ್ಲವೂ ಇವೆ. 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗಕ್ಕೆ 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಮೊದಲ ಬಹುಮಾನ ಈ ಕೋಳಿಯ ಕಥೆಗೆ ಬಂತು.

ಚಾಮರಾಜಪೇಟೆಯ ಹುಡುಗರ ಕೊಲೆ ಒಂಬತ್ತನೆಯ ಟೇಕಿಗೆ ಸರಿಹೋಯಿತು. ಬೀದಿದೀಪದ ಬೆಳಕನ್ನು ಬೀರುವಿನ ನಿಲುವುಗನ್ನಡಿಯಿಂದ ಒಳಕ್ಕೆ ತಿರುಗಿಸುವ ಉಪಾಯ ಹೇಳಿದವಳು ತಂಡದ ಹುಡುಗಿ. ವಿ.ಕೆ. ಮೂರ್ತಿಯವರ ಹೆಸರನ್ನು ಆಕೆ ಕೇಳಿರಲಿಲ್ಲ. ನಾನು ಹೇಳಿದೆ, ಫೋನಿನಲ್ಲಿ ಬರೆದುಕೊಂಡಳು. ಮನೆ ಖಾಲಿ ಇತ್ತು. ತಂಡದ ಹುಡುಗನೊಬ್ಬನ ತಾತ ಕಟ್ಟಿಸಿದ್ದಂತೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಬಿಲ್ಡರಿಗೆ ಕೊಟ್ಟಾಗಿದೆ, ಮುಂದಿನ ತಿಂಗಳು ಕೆಡವುತ್ತಾರೆ. ಅದಕ್ಕೇ ರಾತ್ರಿಯೆಲ್ಲ ಚಿತ್ರೀಕರಣಕ್ಕೆ ಅಪ್ಪಣೆ ಸಿಕ್ಕಿತ್ತು.

ಎಲ್ಲ ಮುಗಿದ ಮೇಲೆ ಧ್ವನಿಯ ಹೊಣೆ ಹೊತ್ತಿದ್ದ ಹುಡುಗ ಎಲ್ಲರಿಗೂ ಸುಮ್ಮನಿರಲು ಹೇಳಿದ. ಸಂಕಲನಕ್ಕೆ ಬೇಕೆಂದು ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಳ್ಳುವುದು ಸಿನಿಮಾದ ಪದ್ಧತಿ. ಹಿತ್ತಿಲ ನಲ್ಲಿ ತೊಟ್ಟಿಕ್ಕುತ್ತಿತ್ತು. ದೂರದಲ್ಲಿ ಆಟೋ ಒಂದು ಹೋಯಿತು. ಮರದ ತೊಲೆ ಎಲ್ಲೋ ಒಮ್ಮೆ ಕಿರುಗುಟ್ಟಿತು. ನಿಮಿಷ ಕಳೆಯಿತು. ಹುಡುಗ ಕೈ ಇಳಿಸಲಿಲ್ಲ. ಇನ್ನೂ ಐದು ನಿಮಿಷ ಮುದ್ರಿಸಿಕೊಳ್ಳುತ್ತೇನೆ ಎಂದು ಸನ್ನೆ ಮಾಡಿದ. ಆ ಮನೆಯ ಮೊಮ್ಮಗ ಗೋಡೆಗೆ ಒರಗಿ ನಿಂತೇ ಇದ್ದ.